ದೊಡ್ಡವಳಾದಳು

ದೊಡ್ಡವನಾದ ಮೇಲೆ ಏನಾಗ್ತೀಯಪ್ಪಾ? ಮನೆಗೆ ಬಂದ ನೆಂಟರು ಸಣ್ಣ ಹುಡುಗನನ್ನು ಕೇಳಿಯೇ ಕೇಳುತ್ತಾರೆ. ಅವನು ಪೊಲೀಸು ಅನ್ನುತ್ತಾನೆ, ಡ್ರೈವರು ಅನ್ನುತ್ತಾನೆ, ಎಲ್ಲರೂ ನಗುತ್ತಾರೆ. ಅವನ ಮಟ್ಟಿಗೆ ದೊಡ್ಡವನಾಗುವುದು ಇನ್ನೂ ಮುಂದಿರುವ ಸಂಗತಿ. ಅದಕ್ಕೆ ಅವಸರವಿಲ್ಲ, ಗೊತ್ತಾದ ದಿನವೂ ಇಲ್ಲ. ಮೀಸೆ ಚಿಗುರಬಹುದು, ಧ್ವನಿ ಒಡೆಯಬಹುದು, ಆದರೂ ಅವನು ದೊಡ್ಡವನಾದ ದಿನ ಇಂಥದ್ದು ಎಂದು ಯಾರೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದಿಲ್ಲ.

ಅದೇ ಮಾತನ್ನು ಅವನ ಅಕ್ಕನಿಗೆ ಹೇಳಿ ನೋಡಿ. "ದೊಡ್ಡವಳಾದಳಂತೆ." ಆಯಿತು, ಮುಗಿಯಿತು. ದಿನ ಗೊತ್ತು, ವಾರ ಗೊತ್ತು, ಕೆಲವು ಮನೆಗಳಲ್ಲಿ ಪಂಚಾಂಗ ತೆರೆದು ನಕ್ಷತ್ರವನ್ನೂ ನೋಡುತ್ತಾರೆ. ಉತ್ತರ ಕರ್ನಾಟಕದ ಕಡೆ "ದೊಡ್ಡಾಕಿ ಆಗ್ಯಾಳ" ಅನ್ನುತ್ತಾರೆ. ಹಳಬರು "ಮೈನೆರೆದಳು" ಅನ್ನುತ್ತಿದ್ದರು. ಮಳೆಗಾಲದಲ್ಲಿ ಹೊಳೆಗೆ ನೆರೆ ಬಂತು ಅನ್ನುತ್ತೇವಲ್ಲ, ತುಂಬುವುದು ಎಂಬ ಅರ್ಥದ ಆ ಮಾತೇ ಇದು. ನನಗೆ ಕೇಳಿದರೆ ದೊಡ್ಡವಳಾದಳು ಅನ್ನುವುದಕ್ಕಿಂತ ಇದೇ ಚೆಂದ. ಮೈ ತುಂಬಿತು ಎಂದು ಮೈಯ ಮಾತನ್ನಷ್ಟೇ ಹೇಳುತ್ತದೆ, ಹುಡುಗಿಯ ಮೇಲೆ ಬೇರೇನನ್ನೂ ಹೊರಿಸುವುದಿಲ್ಲ.

ದೊಡ್ಡವಳಾದಳು ಎಂಬ ಮಾತು ಹೊರಿಸುತ್ತದೆ. ಮರುದಿನದಿಂದಲೇ ಅದಕ್ಕೆ ಬಾಲ ಬೆಳೆಯುತ್ತದೆ. ದೊಡ್ಡವಳಾಗಿದ್ದೀಯ, ಇನ್ನು ಬೀದಿಯಲ್ಲಿ ಆಡಬೇಡ. ದೊಡ್ಡವಳಾಗಿದ್ದೀಯ, ಅಷ್ಟು ಜೋರಾಗಿ ನಗಬೇಡ. ಹುಡುಗನಿಗೂ ದೊಡ್ಡವನಾಗಿದ್ದೀಯ ಅನ್ನುತ್ತಾರೆ, ಆದರೆ ಆ ಮಾತು ಸಾಮಾನ್ಯವಾಗಿ ಸಂತೆಗೆ ಹೋಗಿ ಬಾ, ಬ್ಯಾಂಕಿಗೆ ಹೋಗಿ ಬಾ ಎಂದು ಹೊರಗೆ ಕಳಿಸುವುದಕ್ಕೆ. ಮಗ ಪ್ರಾಯಕ್ಕೆ ಬಂದರೆ "ಕೈಗೆ ಬಂದ" ಅನ್ನುತ್ತೇವೆ, ಹೇಳುವಾಗಲೇ ತಂದೆಯ ಮುಖದಲ್ಲಿ ಒಂದು ಬಲ ಕಾಣುತ್ತದೆ. ಮಗಳಾದರೆ "ಬೆಳೆದು ನಿಂತಿದ್ದಾಳೆ". ಅದರ ಹಿಂದೆಯೇ ಒಂದು ನಿಟ್ಟುಸಿರು. ಅವನು ಬಂದ, ಇವಳು ನಿಂತಳು.

ಹಳೇ ಮೈಸೂರು ಕಡೆ ಅನೇಕ ಮನೆತನಗಳಲ್ಲಿ ಸೋದರಮಾವ ಹಸಿರು ಸೊಪ್ಪು, ತೆಂಗಿನ ಗರಿ ತಂದು ಗುಡ್ಲು ಹಾಕುತ್ತಿದ್ದ. ಹುಡುಗಿಯನ್ನು ಅದರಲ್ಲಿ ಕೂರಿಸಿ, ಮುತ್ತೈದೆಯರು ಸೋಬಾನೆ ಹೇಳಿ ಆರತಿ ಎತ್ತುತ್ತಿದ್ದರು. ಒಸಗೆ ಎಂದರೆ ಅದೇ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ, ಬಂದವರೆಲ್ಲ ಮಡಿಲಿಗೆ ಹಾಕಿದ್ದು ಹುಡುಗಿಯ ಹೊಟ್ಟೆಗೆ. ಈ ಸುದ್ದಿಯನ್ನು ಊರಿಗೆಲ್ಲ ತಿಳಿಸುವುದಕ್ಕೆ ಅಂದು ಕಾರಣವಿತ್ತು. ಕೆಲವು ಸಮುದಾಯಗಳಲ್ಲಿ ಮದುವೆ ಅದಕ್ಕೆ ಮೊದಲೇ ಆಗಿರುತ್ತಿತ್ತು, ಇನ್ನು ಗಂಡನ ಮನೆಗೆ ಕಳಿಸಬಹುದು ಎಂದು ಅರ್ಥ. ಉಳಿದವರಲ್ಲಿ, ಇನ್ನು ಹೆಣ್ಣು ಕೇಳಲು ಬರಬಹುದು ಎಂದು ಅರ್ಥ. ಅಂತೂ ಆ ಮಾತು ಹುಡುಗಿಗೆ ಹೇಳಿದ್ದಲ್ಲ, ಊರಿಗೆ ಹೇಳಿದ್ದು.

ಕಾನೂನು ಮಾತ್ರ ಈ ಲೆಕ್ಕವನ್ನು ಮೆಲ್ಲಗೆ ಬದಲಿಸುತ್ತ ಬಂತು. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿತು. ಎಂಟು! ಇಂದು ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಆ ಕಾಲಕ್ಕೆ ಅದೂ ಧೈರ್ಯದ ಹೆಜ್ಜೆ, ಅದಕ್ಕೂ ವಿರೋಧ ಬಂದಿತ್ತು. 1929ರ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಅದನ್ನು 14 ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ 15, 1978ರಲ್ಲಿ 18. ಹೆಚ್ಚುಕಡಿಮೆ ಒಂದು ಶತಮಾನದಲ್ಲಿ ಹತ್ತು ವರ್ಷ. ನಮ್ಮ ಆಡುಮಾತು ಮಾತ್ರ ಇದ್ದಲ್ಲೇ ಇದೆ. ಹನ್ನೆರಡಕ್ಕೋ ಹದಿಮೂರಕ್ಕೋ, ಏಳನೇ ಕ್ಲಾಸಿನಲ್ಲಿ ಇರುವಾಗಲೇ, ಹುಡುಗಿ ದೊಡ್ಡವಳು.

ಈ ಐದಾರು ವರ್ಷಗಳ ಅಂತರದಲ್ಲೇ ಬಹಳಷ್ಟು ಬಾಳುಗಳು ಹಾಳಾಗುವುದು. ಬಾಲ್ಯವಿವಾಹ ತಡೆಯಲು ಅಧಿಕಾರಿಗಳು ಹೋದಾಗ ಹಿರಿಯರ ಬಾಯಲ್ಲಿ ಬರುವ ವಾದ ಇದೇ ತಾನೆ: "ಹುಡುಗಿ ದೊಡ್ಡವಳಾಗಿ ಎರಡು ವರ್ಷ ಆಯ್ತು ಸಾರ್." ಅವರು ಸುಳ್ಳು ಹೇಳುತ್ತಿಲ್ಲ. ಅವರ ಕನ್ನಡದಲ್ಲಿ ಅದು ಸತ್ಯ. ಅಧಿಕಾರಿ ಕೇಳುವುದು ಶಾಲೆಯ ಟಿ.ಸಿ., ಹುಟ್ಟಿದ ತಾರೀಕು. ಒಂದೇ ಮಾತಿನ ಎರಡು ಅರ್ಥಗಳು ಚಪ್ಪರದ ಕೆಳಗೆ ಎದುರುಬದುರು ನಿಲ್ಲುತ್ತವೆ. 2006ರ ಕೇಂದ್ರ ಕಾಯ್ದೆಗೆ ಕರ್ನಾಟಕ ತನ್ನದೇ ತಿದ್ದುಪಡಿ ತಂದು, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿದೆ. ಹಾಗಿದ್ದೂ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಐವರಲ್ಲಿ ಒಬ್ಬಳು. ನೀವಿರುವ ಬೀದಿಯಲ್ಲಿ ಅಂಥ ಮದುವೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಬಹುದು.

ಇನ್ನೊಂದು ವಿಚಿತ್ರ ನೋಡಿ. ಈಗ ಗುಡ್ಲು ಕಡಿಮೆಯಾಗಿ ಕಲ್ಯಾಣ ಮಂಟಪ ಬಂದಿದೆ, ಹುಡುಗಿಯ ಆಳೆತ್ತರದ ಫ್ಲೆಕ್ಸು ಬಂದಿದೆ, ಫೋಟೋಗ್ರಾಫರು ಬಂದಿದ್ದಾರೆ. ಇಡೀ ಊರಿಗೆ ಊಟ ಹಾಕಿ ಹೇಳುವ ಸುದ್ದಿ ಅದು. ಅದೇ ಹುಡುಗಿ ಮುಂದಿನ ತಿಂಗಳು ಕ್ಲಾಸಿನಲ್ಲಿ ಕೂರಲಾಗದೆ ಮೇಷ್ಟರ ಹತ್ತಿರ ಹೋದರೆ, "ಹೊಟ್ಟೆನೋವು ಸಾರ್" ಅನ್ನಬೇಕು. ಮುಟ್ಟು ಎಂಬ ಮಾತು ಬಾಯಿಗೆ ಬರುವುದಿಲ್ಲ. ಮನೆಯಲ್ಲೂ ಅಷ್ಟೆ, ಹೊರಗಾಗಿದ್ದಾಳೆ, ಕಾಗೆ ಮುಟ್ಟಿದೆ. ಪಾಪ, ಯಾವ ಕಾಗೆಯೋ! ಔಷಧಿ ಅಂಗಡಿಯವನು ಪ್ಯಾಡಿನ ಪೊಟ್ಟಣವನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಳ್ಳಮಾಲಿನಂತೆ ಕೈಗಿಡುತ್ತಾನೆ. ಮೊದಲ ಸಲದ್ದಕ್ಕೆ ಧ್ವನಿವರ್ಧಕ, ಆಮೇಲಿನದ್ದಕ್ಕೆಲ್ಲ ಪಿಸುಮಾತು.

ಸ್ವಲ್ಪ ಬದಲಾವಣೆ ಬಂದಿರುವುದು ಶಾಲೆಗಳಿಂದ. 2013–14ರಲ್ಲಿ ಆರಂಭವಾದ ಶುಚಿ ಯೋಜನೆಯಡಿ ಸರ್ಕಾರ ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡುಗಳನ್ನು ಕೊಡತೊಡಗಿತು. ನಡುವೆ ಕೆಲವು ವರ್ಷ ಅದು ನಿಂತದ್ದೂ ಉಂಟು. ಆದರೆ ಕೊಡಬೇಕೆಂದರೆ ಟೀಚರು ಅದರ ಹೆಸರು ಹೇಳಲೇಬೇಕು, ಹೇಗೆ ಬಳಸುವುದು ಎಂದು ವಿವರಿಸಲೇಬೇಕು. ಹಾಗೆ ಕೇಳಿಸಿಕೊಂಡ ಹುಡುಗಿಯರು "ನಂಗೆ ಮುಟ್ಟು ಶುರುವಾಗಿದೆ" ಎಂದು, ಜ್ವರ ಬಂದಿದೆ ಅನ್ನುವಷ್ಟೇ ಸಲೀಸಾಗಿ ಹೇಳುತ್ತಾರೆ. ಆ ವಾಕ್ಯದಲ್ಲಿ ಚಿಕ್ಕವಳು ದೊಡ್ಡವಳು ಎಂಬ ಮಾತೇ ಇಲ್ಲ.

ದೊಡ್ಡತನ ಬೇರೆ, ದೊಡ್ಡಸ್ತಿಕೆ ಬೇರೆ ಎಂದು ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬೇರ್ಪಡಿಸಿದ್ದೇವೆ. "ದೊಡ್ಡ ಮನಸ್ಸು ಮಾಡಿ" ಎಂದು ಎಪ್ಪತ್ತರ ಯಜಮಾನರನ್ನೂ ಬೇಡಿಕೊಳ್ಳುತ್ತೇವೆ. ಎಪ್ಪತ್ತಾದರೂ ಅದು ತಾನಾಗಿ ಬಂದಿರುವುದಿಲ್ಲ, ಮಾಡಬೇಕು! ಇಷ್ಟು ಸೂಕ್ಷ್ಮ ಗೊತ್ತಿರುವ ನಾವು, ಹನ್ನೆರಡರ ಹುಡುಗಿಗೆ ಮಾತ್ರ ಒಂದೇ ಬೆಳಗಿನಲ್ಲಿ ದೊಡ್ಡವಳೆಂಬ ಪಟ್ಟ ಕಟ್ಟಿಬಿಡುತ್ತೇವೆ.

ಹಾಗೆಂದು ಆರತಿ ಬೇಡ ಎಂದು ನಾನು ಹೇಳುವುದಿಲ್ಲ. ಅಜ್ಜಿಯರು ಮಾಡುವ ಚಿಗಳಿ ಒಳ್ಳೆಯದೇ, ಆ ವಯಸ್ಸಿನ ಮೈಗೆ ಎಳ್ಳು ಬೆಲ್ಲ ಬೇಕು. ಮಾಡುವಾಗ ನಾಲ್ಕು ಉಂಡೆ ಹೆಚ್ಚಾಗಿ ಮಾಡಿ, ಅವಳ ತಮ್ಮನಿಗೂ ಕೊಡಿ. ಯಾವ ಹಬ್ಬ ಇವತ್ತು ಎಂದು ಅವನು ಕೇಳುತ್ತಾನೆ. ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ, ಕಾಗೆಯ ಸುದ್ದಿ ತರಬೇಡಿ.