ಆಯ್ದ ಕವನ, ಬಿಟ್ಟ ಕವನ

ನಿಮ್ಮ ಮನೆಯ ಪುಸ್ತಕದ ಬೀರುವನ್ನು ಒಮ್ಮೆ ತೆರೆದು ನೋಡಿ. ಕಾದಂಬರಿಗಳಿರುತ್ತವೆ, ಪಂಚಾಂಗವಿರುತ್ತದೆ, ಮಕ್ಕಳ ಹಳೆಯ ಪಠ್ಯಪುಸ್ತಕಗಳಿರುತ್ತವೆ. ಹೊಸ ಕಾವ್ಯದ ಪುಸ್ತಕ ಒಂದೇ ಒಂದು ಇದ್ದರೆ, ಅದು ಹಲವು ಕವಿಗಳಿಂದ ಆಯ್ದು ಕಟ್ಟಿದ ಸಂಕಲನವಾಗಿರುವುದೇ ಹೆಚ್ಚು ಸಂಭವ. ನಮ್ಮಲ್ಲಿ ಬಹುಮಂದಿಗೆ ಹೊಸಗನ್ನಡದ ಕವಿಗಳ ಪರಿಚಯವಾದದ್ದು ಹೀಗೆಯೇ: ಒಬ್ಬೊಬ್ಬರಿಂದ ಎರಡೋ ಮೂರೋ ಕವನ, ಅವೂ ನಾವು ಆರಿಸಿಕೊಂಡವಲ್ಲ, ನಮಗಾಗಿ ಮತ್ತೊಬ್ಬರು ಆರಿಸಿಟ್ಟವು. ಆ ಮತ್ತೊಬ್ಬರು ಯಾರು, ಯಾವ ನ್ಯಾಯದಿಂದ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರು ಎಂದು ನಾವು ಕೇಳುವುದೇ ಇಲ್ಲ. ಈ ಹೊತ್ತು ಆ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಸಂಕಲನ ಮಾಡುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. 13ನೆಯ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ಮಲ್ಲಿಕಾರ್ಜುನನೆಂಬ ವಿದ್ವಾಂಸನು ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು, ವರ್ಣನೆಗಳಿಗೆ ತಕ್ಕಂತೆ ವಿಂಗಡಿಸಿ, ‘ಸೂಕ್ತಿಸುಧಾರ್ಣವ’ವನ್ನು ಸಿದ್ಧಪಡಿಸಿದ. ‘ಶಬ್ದಮಣಿದರ್ಪಣ’ದ ಕೇಶಿರಾಜ ಈತನ ಮಗನೇ. ಮೂಲ ಕಾವ್ಯಗಳು ಕಳೆದುಹೋಗಿ, ಈ ಸಂಕಲನದ ದೆಸೆಯಿಂದ ಮಾತ್ರ ಉಳಿದುಬಂದ ಪದ್ಯಗಳೂ ಇದರಲ್ಲಿವೆ. ಇತ್ತ ಇಂಗ್ಲೆಂಡಿನಲ್ಲಿ 1861ರಲ್ಲಿ ಪಾಲ್‌ಗ್ರೇವ್ ‘ಗೋಲ್ಡನ್ ಟ್ರೆಷರಿ’ಯನ್ನು ಹೊರತಂದ. ನಮ್ಮ ಹಿರಿಯರು ಕಾಲೇಜಿನಲ್ಲಿ ಓದಿದ ಪುಸ್ತಕ ಅದು. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಪ್ರಕಟಿಸಿದ ‘ಇಂಗ್ಲಿಷ್ ಗೀತಗಳು’ ಸಂಗ್ರಹದ ಅನೇಕ ಕವನಗಳ ಮೂಲ ಅಲ್ಲಿದೆ. ಎಲ್ಲೋ ಒಬ್ಬನು ಮಾಡಿದ ಆಯ್ಕೆ ಸಾವಿರಾರು ಮೈಲಿ ದಾಟಿ ಬಂದು, ಇನ್ನೊಂದು ಭಾಷೆಯ ಕಾವ್ಯ ಹೊಸ ದಾರಿ ಹಿಡಿಯುವುದಕ್ಕೆ ನೆರವಾಯಿತು. ಸಂಕಲನಕಾರನ ಕೈ ಎಷ್ಟು ಉದ್ದವೆಂಬುದಕ್ಕೆ ಇಷ್ಟು ಸಾಕು.

ಆದರೆ ಮಲ್ಲಿಕಾರ್ಜುನನಿಗೂ ಪಾಲ್‌ಗ್ರೇವನಿಗೂ ಒಂದು ಅನುಕೂಲವಿತ್ತು. ಮೊದಲನೆಯವನು ಆಯ್ದದ್ದು ಹಿಂದಿನವರಿಂದ. ಎರಡನೆಯವನು ಬದುಕಿರುವ ಕವಿಗಳನ್ನು ಸೇರಿಸುವುದಿಲ್ಲವೆಂದೇ ನಿಯಮ ಮಾಡಿಕೊಂಡ. ಪಕ್ಕದಲ್ಲಿ ಕುಳಿತು ಸಲಹೆ ಕೊಟ್ಟ ಟೆನಿಸನ್ನನ ಒಂದು ಕವನವೂ ಅದರಲ್ಲಿರಲಿಲ್ಲ. ತೀರಿಕೊಂಡ ಕವಿ ಜಗಳಕ್ಕೆ ಬರುವುದಿಲ್ಲವಷ್ಟೆ. ಆಧುನಿಕ ಕಾವ್ಯವನ್ನು ಆಯುವವನಿಗೆ ಈ ನೆರಳಿಲ್ಲ. ಅವನ ಕವಿಗಳು ಇನ್ನೂ ಬರೆಯುತ್ತಿದ್ದಾರೆ. ಕೆಲವರು ಅವನ ಗೆಳೆಯರು, ಕೆಲವರು ಅಷ್ಟಾಗಿ ಆಗದವರು. ಕಾಲವಿನ್ನೂ ಜರಡಿ ಹಿಡಿದಿಲ್ಲ. ಜರಡಿ ಹಿಡಿಯುವ ಕೆಲಸ ಅವನ ಪಾಲಿಗೆ ಬಂದಿದೆ.

ಇದರ ಕಷ್ಟವನ್ನು ತಿಳಿಯಬೇಕಾದರೆ 1936ನೆಯ ವರ್ಷವನ್ನು ನೋಡಬೇಕು. ಆ ಒಂದೇ ವರ್ಷದಲ್ಲಿ ಇಂಗ್ಲಿಷಿನ ಆಧುನಿಕ ಕಾವ್ಯಕ್ಕೆ ಎರಡು ಹೆಸರಾಂತ ಸಂಕಲನಗಳು ಬಂದವು. ಆಕ್ಸ್‌ಫರ್ಡ್ ಮುದ್ರಣಾಲಯದವರಿಗಾಗಿ ಕೆಲಸ ಮಾಡಿದವನು ಡಬ್ಲ್ಯು. ಬಿ. ಯೇಟ್ಸ್, 71 ವರ್ಷದ ಹಿರಿಯ ಕವಿ, 1923ರಲ್ಲಿ ನೊಬೆಲ್ ಬಹುಮಾನ ಪಡೆದವನು. ಫೇಬರ್ ಸಂಸ್ಥೆಗಾಗಿ ಕೆಲಸ ಮಾಡಿದವನು ಮೈಕೇಲ್ ರಾಬರ್ಟ್ಸ್. ವಯಸ್ಸು 33, ವೃತ್ತಿಯಲ್ಲಿ ಶಾಲೆಯ ಉಪಾಧ್ಯಾಯ. ಒಂದೇ ಭಾಷೆ, ಹೆಚ್ಚುಕಡಿಮೆ ಒಂದೇ ಕಾಲದ ಕಾವ್ಯ. ಆದರೂ ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟರೆ, ಎರಡು ಬೇರೆ ಬೇರೆ ದೇಶಗಳ ಕಾವ್ಯವೋ ಎನ್ನಿಸುತ್ತದೆ. ಯೇಟ್ಸ್ ತನ್ನ ಸಂಕಲನದ ಮೊದಲಲ್ಲಿ ವಾಲ್ಟರ್ ಪೇಟರನ ಗದ್ಯದ ತುಣುಕೊಂದನ್ನು ಸಾಲು ಸಾಲಾಗಿ ಒಡೆದು ಕವನವೆಂದು ಅಚ್ಚು ಹಾಕಿಸಿದ; ಸ್ನೇಹಿತ ಗೋಗರ್ಟಿಗೆ 17 ಕವನಗಳ ಜಾಗ ಕೊಟ್ಟ. ರಾಬರ್ಟ್ಸ್, ಕಾವ್ಯದ ರೀತಿಯಲ್ಲೇ ಏನಾದರೂ ಹೊಸದನ್ನು ಸಾಧಿಸಿದವರಿಗೆ ಮಾತ್ರ ಪ್ರವೇಶವೆಂದು ಬಾಗಿಲಲ್ಲಿ ನಿಂತ.

ಇವೆರಡರ ನಡುವೆ ಸಿಕ್ಕಿದವನು ವಿಲ್‌ಫ್ರೆಡ್ ಓವೆನ್. ಮೊದಲನೆಯ ಮಹಾಯುದ್ಧದಲ್ಲಿ, 1918ರ ನವೆಂಬರ್ 4ರಂದು, ಕದನ ನಿಲ್ಲುವುದಕ್ಕೆ ಒಂದೇ ವಾರ ಮುಂಚೆ ಮಡಿದ 25ರ ಯುವಕ. ಬದುಕಿದ್ದಾಗ ಅಚ್ಚಾದದ್ದು ಬೆರಳೆಣಿಕೆಯ ಕವನಗಳು. ಮುಂದಿನ ವರ್ಷ ಈಡಿತ್ ಸಿಟ್‌ವೆಲ್ ತನ್ನ ‘ವೀಲ್ಸ್’ ಎಂಬ ವಾರ್ಷಿಕ ಸಂಕಲನದಲ್ಲಿ ಅವನ ಏಳು ಕವನಗಳನ್ನು ಪ್ರಕಟಿಸಿದಳು. 1920ರಲ್ಲಿ ಸಸೂನನ ಮುನ್ನುಡಿಯೊಡನೆ ಪುಸ್ತಕ ಬಂತು. 1931ರಲ್ಲಿ ಎಡ್ಮಂಡ್ ಬ್ಲಂಡನ್ ಇನ್ನಷ್ಟು ಕವನಗಳನ್ನು ಹುಡುಕಿ ಸೇರಿಸಿ ದೊಡ್ಡ ಆವೃತ್ತಿ ತಂದ. ಅವನು ಉಳಿದದ್ದು ಸಂಪಾದಕರಿಂದ ಎಂದರೆ ತಪ್ಪಾಗದು. ಅಂಥವನನ್ನು ಯೇಟ್ಸ್ ಪೂರ್ತಿಯಾಗಿ ಬಿಟ್ಟ. ಸುಮ್ಮನೆ ಅನುಭವಿಸುವ ಸಂಕಟ ಕಾವ್ಯದ ವಸ್ತುವಾಗಲಾರದು ಎಂಬುದು ಅವನ ವಾದ. ರಾಬರ್ಟ್ಸ್ ಓವೆನನನ್ನು ಸೇರಿಸಿಕೊಂಡ. ಆದರೆ ಓವೆನನನ್ನು ಕಾಪಾಡಿ ಕೊಟ್ಟ ಬ್ಲಂಡನನನ್ನು ಹೊರಗಿಟ್ಟ! ಆ ಬ್ಲಂಡನನಿಗೆ ಯೇಟ್ಸನ ಪುಸ್ತಕದಲ್ಲಿ ಜಾಗವಿತ್ತು. ಮುಂದೆ 1962ರಲ್ಲಿ ಬೆಂಜಮಿನ್ ಬ್ರಿಟನ್ ಓವೆನನ ಕವನಗಳಿಗೆ ಸಂಗೀತ ಕೂಡಿಸಿ ‘ವಾರ್ ರೆಕ್ವಿಯಂ’ ರಚಿಸಿದಾಗ, ಯೇಟ್ಸನ ತೀರ್ಪನ್ನು ಜನ ಎಂದೋ ತಳ್ಳಿಹಾಕಿದ್ದರು. ಆದರೆ 1936ರಲ್ಲಿ ಆಕ್ಸ್‌ಫರ್ಡ್ ಪುಸ್ತಕವೊಂದನ್ನೇ ಕೊಂಡ ಓದುಗನ ಪಾಲಿಗೆ ಓವೆನ್ ಹುಟ್ಟಿಯೇ ಇರಲಿಲ್ಲ.

ಬಿಡುವುದಕ್ಕೆ ಅಭಿರುಚಿಯೊಂದೇ ಕಾರಣವೆಂದು ತಿಳಿಯಬೇಡಿ. ಹಣವೂ ಒಂದು ಕಾರಣ. ಕಿಪ್ಲಿಂಗ್ ಮತ್ತು ಎಜ್ರಾ ಪೌಂಡರಿಂದ ಸಾಕಷ್ಟು ಕವನಗಳನ್ನು ತೆಗೆದುಕೊಳ್ಳಲಾಗಲಿಲ್ಲ, ಅವರ ಸಂಭಾವನೆ ಅಷ್ಟು ದುಬಾರಿ ಎಂದು ಯೇಟ್ಸ್ ಮುನ್ನುಡಿಯಲ್ಲೇ ಬರೆದ. ನಮ್ಮ ದೇಶದ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ಉಳಿಯುತ್ತದೆ. ಆದುದರಿಂದ ಹೊಸ ಕಾವ್ಯದ ಸಂಪಾದಕನು ಕವಿಗೋ, ಅವರ ಮಕ್ಕಳಿಗೋ, ಪ್ರಕಾಶಕರಿಗೋ ಕಾಗದ ಬರೆದು ಒಪ್ಪಿಗೆ ಪಡೆಯಬೇಕು. ಉತ್ತರ ಬಾರದಿದ್ದರೆ ಒಳ್ಳೆಯ ಕವನವೂ ಹೊರಗೆ ಉಳಿಯುತ್ತದೆ.

ಇನ್ನು ಪುಟಗಳ ಲೆಕ್ಕ. ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ಬಹಳ ಹಿಂದೆ ಗೆಳೆಯರೊಬ್ಬರೂ ನಾನೂ ಸೇರಿ ಒಂದು ಸಣ್ಣ ಸಂಕಲನ ಮಾಡಿದೆವು. ಫಾರಮಿಗೆ 16 ಪುಟ. ಹತ್ತು ಫಾರಮಿಗೆ, ಎಂದರೆ 160 ಪುಟಕ್ಕೆ, ಕಾಗದ ಕೊಂಡಾಗಿತ್ತು. ಅಕ್ಷರ ಜೋಡಿಸಿ ನೋಡಿದರೆ ಆರು ಪುಟ ಹೆಚ್ಚು. ಹಳ್ಳಿಯ ಮೇಷ್ಟರೊಬ್ಬರ ದೀರ್ಘ ಕವನ ಸರಿಯಾಗಿ ಆರು ಪುಟದ್ದು. ಅದನ್ನು ತೆಗೆದೆವು. ಚೆನ್ನಾಗಿರಲಿಲ್ಲವೆಂದಲ್ಲ, ಅಳತೆಗೆ ಸರಿಹೋಯಿತೆಂದು. ಆಮೇಲೆ ಮುನ್ನುಡಿಯಲ್ಲಿ, ಗುಣವೊಂದನ್ನೇ ನೋಡಿ ಆಯ್ದಿದ್ದೇವೆ ಎಂದು ಬರೆದೆವು. ಮೇಷ್ಟರು ಒಂದು ಪ್ರತಿಯನ್ನು ಕೊಂಡುಕೊಂಡರು, ಏನೂ ಕೇಳಲಿಲ್ಲ. ಕವನವನ್ನು ಬಿಟ್ಟದ್ದಕ್ಕಿಂತ ಆ ಮುನ್ನುಡಿಯ ವಾಕ್ಯ ನನ್ನನ್ನು ಇಂದಿಗೂ ಹೆಚ್ಚಾಗಿ ಕಾಡುತ್ತದೆ. ಅದನ್ನು ಓದಿ ಅವರು ತಮ್ಮ ಕವನದ ವಿಷಯವಾಗಿ ಏನೆಂದುಕೊಂಡಿರಬೇಕು!

ಯೇಟ್ಸ್ ತಪ್ಪು ಮಾಡಿದನೆಂದೇ ಇಟ್ಟುಕೊಳ್ಳೋಣ. ಆದರೆ ತಪ್ಪಿನ ಕಾರಣವನ್ನು ಮುಚ್ಚಿಡಲಿಲ್ಲ. ರಾಬರ್ಟ್ಸನೂ ಅಷ್ಟೆ, ಬಿಟ್ಟ ಕೆಲವರ ಹೆಸರುಗಳನ್ನು ತಾನೇ ಹೇಳಿ, ಅವರು ಒಳ್ಳೆಯ ಕವನಗಳನ್ನು ಬರೆದವರೆಂದೂ ಒಪ್ಪಿಕೊಂಡ. ಇಂಥ ಮುನ್ನುಡಿ ಇದ್ದರೆ ಓದುಗ ಜಗಳವಾಡಬಹುದು, ಒಪ್ಪದೆ ಇರಬಹುದು, ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗಬಹುದು. ಮೋಸಹೋಗುವುದಿಲ್ಲ.

ನಮ್ಮ ದೇಶದಲ್ಲೂ ಇದಕ್ಕೆ ಒಳ್ಳೆಯ ನಿದರ್ಶನಗಳುಂಟು. 1943ರಲ್ಲಿ ಹಿಂದಿಯಲ್ಲಿ ಅಜ್ಞೇಯರು ‘ತಾರ್ ಸಪ್ತಕ’ವನ್ನು ಸಂಪಾದಿಸಿದಾಗ, ಇಡೀ ಕಾಲದ ಶ್ರೇಷ್ಠ ಕಾವ್ಯ ಇದೇ ಎಂದು ಹೇಳಲಿಲ್ಲ. ಏಳೇ ಕವಿಗಳು, ಅವರಲ್ಲಿ ಸಂಪಾದಕರೂ ಒಬ್ಬರು. ಕವನಗಳ ಜೊತೆಗೆ ಒಬ್ಬೊಬ್ಬ ಕವಿಯೂ ತನ್ನ ನಿಲುವನ್ನು ತಾನೇ ಬರೆದುಕೊಟ್ಟ. ಇವರು ಒಂದು ಪಂಥದವರಲ್ಲ, ಪರಸ್ಪರ ಒಪ್ಪದವರು, ಇನ್ನೂ ದಾರಿ ಹುಡುಕುತ್ತಿರುವವರು ಎಂದು ಸಂಪಾದಕರೇ ಹೇಳಿದರು. ಕನ್ನಡದಲ್ಲಿ 1970ರಲ್ಲಿ, ಕೆ. ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ ‘ಅಕ್ಷರ ಹೊಸ ಕಾವ್ಯ’ವನ್ನು ಹೊರತಂದಾಗ, ಅದರ ಸಂಪಾದಕರು ಸ್ವತಃ ನವ್ಯ ಕವಿಯಾಗಿದ್ದ ಪಿ. ಲಂಕೇಶ್. ಓದುಗನಿಗೆ ತಾನು ಯಾರ ಕಣ್ಣಿನಿಂದ ನೋಡುತ್ತಿದ್ದೇನೆಂಬುದು ಮೊದಲೇ ಗೊತ್ತಿತ್ತು.

ಆದುದರಿಂದ ಮುಂದಿನ ಸಲ ಇಂಥ ಪುಸ್ತಕ ನಿಮ್ಮ ಕೈಗೆ ಬಂದಾಗ, ನೇರವಾಗಿ ಮೆಚ್ಚಿನ ಕವನಕ್ಕೆ ಹೋಗಬೇಡಿ. ಮೊದಲು ಮುನ್ನುಡಿಯನ್ನು ಓದಿ. ಪುಸ್ತಕ ಯಾವ ವರ್ಷದ್ದು, ಕವನ ಪೂರ್ತಿಯಾಗಿದೆಯೋ ತುಂಡಾಗಿದೆಯೋ, ಯಾವ ಸಂಗ್ರಹದಿಂದ ತೆಗೆದದ್ದೆಂದು ಹೇಳಿದೆಯೋ ಇಲ್ಲವೋ, ಇಷ್ಟನ್ನು ನೋಡಿ. ಆಮೇಲೆ, ಇರಬೇಕಾಗಿದ್ದ ಯಾರು ಇಲ್ಲಿಲ್ಲವೆಂದು ಯೋಚಿಸಿ. ಯಾವ ಕವನ ಮನಸ್ಸನ್ನು ಹಿಡಿಯಿತೋ ಆ ಕವಿಯ ಸ್ವಂತ ಪುಸ್ತಕವನ್ನು ನಿಮ್ಮ ಊರಿನ ವಾಚನಾಲಯದಲ್ಲಿ ಕೇಳಿ. ಅಲ್ಲಿಯ ಕಪಾಟಿನ ಮೂಲೆಯಲ್ಲಿ, ಯಾವ ಸಂಕಲನಕ್ಕೂ ಸೇರದ ಒಂದು ತೆಳುವಾದ ಪುಸ್ತಕ ಕಣ್ಣಿಗೆ ಬಿದ್ದರೆ, ಅದನ್ನೂ ಒಮ್ಮೆ ಬಿಡಿಸಿ ನೋಡಿ. ಅದು ನಮ್ಮ ಮೇಷ್ಟರದ್ದೇ ಇರಬಹುದು.