ಗಣತಿಯ ಹಾಳೆಯಲ್ಲಿ ಒಂದು ಮನೆ

ಅರಸರ ಕಥೆಗೆ ಶಾಸನಗಳಿವೆ. ಗಣಿ, ಗಿರಣಿಗಳಲ್ಲಿ ದುಡಿದವರ ಕಥೆ ಎಲ್ಲಿ ಸಿಗುತ್ತದೆ? ಇಂಗ್ಲೆಂಡಿನಲ್ಲಿ ಎಷ್ಟೋ ಜನ ಅದನ್ನು ಹಳೆಯ ಜನಗಣತಿಯಲ್ಲಿ ಹುಡುಕುತ್ತಾರೆ. 1911ರ ಹಾಳೆಗಳನ್ನು ಮನೆಯವರೇ ತುಂಬಿದ್ದರು. ಆ ಕೈಬರಹ ಇಂದಿಗೂ ಉಳಿದಿದೆ. ಹೆಸರು, ವಯಸ್ಸು, ಕಸುಬು. ಜೊತೆಗೊಂದು ಪ್ರಶ್ನೆ: ಈ ಮದುವೆಯಲ್ಲಿ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು? ಎರಡು ಗಣತಿಗಳ ನಡುವೆ ಹುಟ್ಟಿ ತೀರಿಹೋದ ಕೂಸಿನ ಹೆಸರು ಯಾವ ಗಣತಿಯಲ್ಲೂ ಸಿಗದು. ಇಲ್ಲಿ ಅದು ಒಂದು ಅಂಕಿಯಾಗಿಯಾದರೂ ಉಳಿದಿದೆ. ಅದನ್ನು ಬರೆಯುವಾಗ ಆ ತಾಯಿಗೆ ಏನನ್ನಿಸಿತ್ತೋ! ಮನೆಯ ಯಜಮಾನನ ಬಗ್ಗೆ ಗಣತಿ ‘ಗಣಿ ಕೆಲಸಗಾರ’ ಎಂದಷ್ಟೇ ಹೇಳುತ್ತದೆ. ಅವನು ಚರ್ಚಿನಲ್ಲಿ ಹಾಡುತ್ತಿದ್ದ ಎಂಬುದು ಊರಿನ ಪತ್ರಿಕೆಯ ನಿಧನವಾರ್ತೆಯಲ್ಲಿ ಸಿಕ್ಕೀತು. ನಮ್ಮ ದೇಶದಲ್ಲಿ ಗಣತಿಯ ಮನೆಮನೆಯ ವಿವರ ಕಾನೂನಿನಂತೆ ಗೋಪ್ಯ. ಹಾಗಾಗಿ ಮನೆಯ ಹಿರಿಯರನ್ನೇ ಕೇಳಬೇಕು. ಅಜ್ಜಿ ಎಲ್ಲಿ ಕೂಲಿಗೆ ಹೋಗುತ್ತಿದ್ದರು? ಇವತ್ತೇ ಕೇಳಿ, ಬರೆದಿಡಿ.