ಬ್ರೇಕ್ ಇಲ್ಲದ ಬೈಕು, ನಾಲ್ಕನೇ ಜಾಗ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತು ನಾನು ಮಾತಾಡೋದು ಬ್ರೇಕ್ ಇಲ್ಲದ ಬೈಕ್ ಬಗ್ಗೆ. ಬ್ರೇಕ್ ಕೆಟ್ಟಿರೋ ಬೈಕ್ ಅಲ್ಲ, ಬ್ರೇಕೇ ಇಡದೆ ತಯಾರು ಮಾಡಿರೋ ಬೈಕ್. ಆ ಆಟಕ್ಕೆ ಸ್ಪೀಡ್‌ವೇ ಅಂತ ಹೆಸರು.

ಮೊದಲು ಆಟ ಏನು ಅಂತ ಹೇಳಿಬಿಡ್ತೀನಿ. ಮೊಟ್ಟೆ ಆಕಾರದ ಮಣ್ಣಿನ ಟ್ರ್ಯಾಕ್. ನಾಲ್ಕು ಜನ, ನಾಲ್ಕು ಸುತ್ತು. ಬರೀ ಎಡಕ್ಕೇ ತಿರುವು. ಮುಂದೆ ಅಡ್ಡವಾಗಿ ಟೇಪ್ ಕಟ್ಟಿರ್ತಾರೆ. ಅದು ಚಟ್ ಅಂತ ಮೇಲೆ ಹಾರಿದ ತಕ್ಷಣ ಹೊರಡಬೇಕು. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದೇ ಹೋಗುತ್ತೆ. ಮೊದಲು ಬಂದವರಿಗೆ 3 ಪಾಯಿಂಟ್, ಎರಡನೆಯವರಿಗೆ 2, ಮೂರನೆಯವರಿಗೆ 1, ನಾಲ್ಕನೆಯವರಿಗೆ ಸೊನ್ನೆ. ಆ ಸೊನ್ನೆ ನೆನಪಿಟ್ಕೊಳ್ಳಿ, ಆಮೇಲೆ ಅದರ ಹತ್ರ ಬರ್ತೀನಿ.

ಬೈಕು 500 ಸಿಸಿ, ಒಂದೇ ಸಿಲಿಂಡರ್. ಪೆಟ್ರೋಲ್ ಅಲ್ಲ, ಮೆಥನಾಲ್ ಕುಡಿಯುತ್ತೆ. ಒಂದೇ ಗೇರ್. ಸುಮಾರು 80 ಹಾರ್ಸ್‌ಪವರ್ ಇದೆ, ತೂಕ ಮಾತ್ರ 80 ಕೆಜಿ ಹತ್ರ. ನಿಮ್ಮ ಮನೆ ಮುಂದೆ ನಿಂತಿರೋ ಸ್ಕೂಟರ್ ಇದಕ್ಕಿಂತ ಭಾರ ಇರುತ್ತೆ.

ಬ್ರೇಕ್ ಯಾಕಿಲ್ಲ? ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು, ಕೈ ಚಾಚಿದರೆ ಸಿಗೋ ದೂರದಲ್ಲಿ ಹೋಗ್ತಿರ್ತಾರೆ. ಮುಂದಿರೋನು ದಿಢೀರ್ ಅಂತ ಬ್ರೇಕ್ ಹಾಕಿದರೆ ಹಿಂದಿನವನು ನೇರ ಅವನ ಬೆನ್ನ ಮೇಲೆ. ಯಾರಿಗೂ ಬ್ರೇಕ್ ಇಲ್ಲ ಅಂದಾಗ ಯಾರೂ ದಿಢೀರ್ ಅಂತ ನಿಲ್ಲಲ್ಲ. ಕೇಳೋಕೆ ಹುಚ್ಚುತನ ಅನ್ನಿಸುತ್ತೆ, ಆದ್ರೆ ಅದು ಸುರಕ್ಷತೆಯ ಲೆಕ್ಕ.

ಹಾಗಾದ್ರೆ ತಿರುವಲ್ಲಿ ಏನ್ ಮಾಡ್ತಾರೆ? ಅಲ್ಲೇ ಇದೆ ನೋಡಿ ಮಜಾ. ತಿರುವು ಬಂದಾಗ ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸಬೇಕು. ಬೈಕು ಅಡ್ಡಡ್ಡ ಹೋಗುತ್ತೆ. ತಿರುವು ಎಡಕ್ಕೆ, ಹ್ಯಾಂಡಲ್ ಬಲಕ್ಕೆ. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಕೊಂಡಿರ್ತೀವಿ, ಆ ಕಾಲು ಮಣ್ಣಿನ ಮೇಲೆ ಜಾರ್ತಾ ಬರುತ್ತೆ. ಬೈಕನ್ನ ಜಾರಿಸೋದೂ, ಜಾರಿದ್ದನ್ನ ಹಿಡಿಯೋದೂ ಬಲಗೈಯಲ್ಲಿರೋ ಆಕ್ಸಿಲರೇಟರ್ ಒಂದೇ.

ಇದರಲ್ಲಿ ಒಂದು ಉಲ್ಟಾ ನಿಯಮ ಇದೆ. ರೋಡಲ್ಲಿ ಹೆದರಿಕೆ ಆದ್ರೆ ಆಕ್ಸಿಲರೇಟರ್ ಬಿಡ್ತೀವಿ, ಅದು ಸರಿ. ಸ್ಪೀಡ್‌ವೇಯಲ್ಲಿ ಜಾರ್ತಾ ಇರೋವಾಗ ಅರ್ಧ ತಿರುವಲ್ಲಿ ಆಕ್ಸಿಲರೇಟರ್ ಬಿಟ್ರೆ, ಹಿಂದಿನ ಚಕ್ರಕ್ಕೆ ತಟ್ಟನೆ ಹಿಡಿತ ಸಿಗುತ್ತೆ. ಅಡ್ಡ ಇದ್ದ ಬೈಕು ನೆಟ್ಟಗಾಗಿ ಸೀದಾ ಹೊರಗಿನ ಗೋಡೆ ಕಡೆ ಹೋಗುತ್ತೆ. ಅಂದ್ರೆ, ಹೆದರಿ ಕೈ ಸಡಿಲ ಮಾಡೋದೇ ಅತಿ ಅಪಾಯದ ಕೆಲಸ. ನಾನು ಇವತ್ತು ಹೇಳೋಕೆ ಬಂದಿರೋದೆಲ್ಲ ಇದೊಂದರ ಮೇಲೆ ನಿಂತಿದೆ.

ನನಗೀಗ 58 ವರ್ಷ. ಮೈಸೂರಿನವನು. ಮೂವತ್ತು ವರ್ಷದಿಂದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದ್ದೀನಿ. ವಾರವೆಲ್ಲ ಒಂದು ಮಷೀನ್ ಶಾಪಿನಲ್ಲಿ ಕೆಲಸ, ರೇಸ್ ಇರೋ ರಾತ್ರಿ ಸ್ಪೀಡ್‌ವೇ. 45ನೇ ವಯಸ್ಸಲ್ಲಿ ಕಲಿಯೋಕೆ ಶುರು ಮಾಡಿದೆ. ಅಲ್ಲಿಂದ ಇಲ್ಲಿವರೆಗೆ ದೊಡ್ಡ ಟ್ರೋಫಿ ಅಂತ ಒಂದೂ ಇಲ್ಲ.

ಮೈಸೂರಿಗೂ ಇದಕ್ಕೂ ಏನ್ ಸಂಬಂಧ ಅಂತೀರಾ? ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ನಮ್ಮಪ್ಪ ಕೆಲಸಕ್ಕಿದ್ದರು. 1961ರಿಂದ ಅಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಾಗ್ತಿತ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು. ಮೈಸೂರಿನ ಜಾವಾ 250 ಸಿಸಿ, ಟೂ ಸ್ಟ್ರೋಕ್, ಆಫೀಸಿಗೆ, ಹಾಲಿನ ಡೈರಿಗೆ, ಮದುವೆ ಮನೆಗೆ ಹೋಗೋ ಗಾಡಿ. ಅದೇ ಹೊತ್ತಲ್ಲಿ ಚೆಕೊಸ್ಲೊವಾಕಿಯಾದ ದಿವಿಶೊವ್ ಅನ್ನೋ ಸಣ್ಣ ಊರಲ್ಲಿ ಅದೇ ಜಾವಾ ಹೆಸರಲ್ಲಿ ಬ್ರೇಕ್ ಇಲ್ಲದ 500 ಸಿಸಿ ಸ್ಪೀಡ್‌ವೇ ಬೈಕುಗಳು ತಯಾರಾಗ್ತಿದ್ದವು. ನ್ಯೂಜಿಲೆಂಡಿನ ಐವನ್ ಮಾಗರ್ 6 ಸಲ ವಿಶ್ವ ಚಾಂಪಿಯನ್ ಆದವರು, ಜಾವಾ ಮೇಲೂ ಗೆದ್ದವರು. ನಮ್ಮಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಫೋನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಬ್ರೇಕ್ ಇಲ್ವೇನೋ? ಮತ್ತೆ ಇನ್‌ಸ್ಪೆಕ್ಷನ್‌ನಲ್ಲಿ ಹೆಂಗೋ ಪಾಸಾಗುತ್ತೆ?"

ನಾನು ಈ ಆಟವನ್ನು ಮೊದಲು ನೋಡಿದ್ದು ಕಾಸ್ಟಾ ಮೇಸಾದಲ್ಲಿ. ಅಲ್ಲಿನ ಫೇರ್‌ಗ್ರೌಂಡ್ಸ್‌ನಲ್ಲಿ 1969ರಿಂದ ಸ್ಪೀಡ್‌ವೇ ನಡೀತಾ ಬಂದಿದೆ. ಯುರೋಪಿನಲ್ಲಿ ಟ್ರ್ಯಾಕ್ ಸಾಮಾನ್ಯವಾಗಿ 300 ಮೀಟರ್ ಆಸುಪಾಸು. ಕಾಸ್ಟಾ ಮೇಸಾದ್ದು ಹೆಚ್ಚುಕಮ್ಮಿ ಅದರ ಅರ್ಧ, ಸುಮಾರು 170 ಮೀಟರ್. ನೆಟ್ಟಗೆ ಹೋಗೋ ಜಾಗವೇ ಕಮ್ಮಿ, ಒಂದು ತಿರುವು ಮುಗಿಯೋದ್ರೊಳಗೆ ಇನ್ನೊಂದು. ಮೊದಲ ಸಾಲಲ್ಲಿ ಕೂತ್ರೆ ಮೈಮೇಲೆಲ್ಲ ಮಣ್ಣು ಬೀಳುತ್ತೆ. ಆಮೇಲೆ ಆ ವಾಸನೆ. ಮೆಥನಾಲ್ ಎಂಜಿನ್ನಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕ್ತಾರೆ. ಹೌದು, ಅದೇ ಹರಳೆಣ್ಣೆ, ನಮ್ಮಜ್ಜಿ ತಲೆಗೆ ಹಚ್ಚಿ ಎಣ್ಣೆ ಸ್ನಾನ ಮಾಡಿಸ್ತಿದ್ದರಲ್ಲ, ಅದು. ಸಾವಿರಾರು ಮೈಲಿ ದೂರದಲ್ಲಿ, ಗೊತ್ತಿಲ್ಲದ ಜನರ ಮಧ್ಯೆ ಕೂತಿರೋವಾಗ ಆ ವಾಸನೆ ಮೂಗಿಗೆ ಬಂತು. ಅದೊಂದೇ ಕಾರಣಕ್ಕೆ ಇಳಿದೆ ಅಂತ ಹೇಳಲ್ಲ. ಆದ್ರೆ ಮುಂದಿನ ವಾರವೂ ಹೋದೆ.

ಸ್ಥಳೀಯ ರೇಸಿನಲ್ಲಿ ಎಲ್ಲರೂ ಚಾಂಪಿಯನ್‌ಗಳಲ್ಲ. ದರ್ಜೆಗಳಿವೆ. ಒಂದನೇ ಡಿವಿಷನ್ನಿನಲ್ಲಿ ಪಳಗಿದವರು, ಮೂರನೆಯದರಲ್ಲಿ ನನ್ನಂಥವರು, ಈಗಷ್ಟೇ ಕಲಿತ ಹುಡುಗರು. ಹ್ಯಾಂಡಿಕ್ಯಾಪ್ ರೇಸ್ ಅಂತಲೂ ಇದೆ: ಚೆನ್ನಾಗಿ ಓಡಿಸೋರು ಹತ್ತಿಪ್ಪತ್ತು ಗಜ ಹಿಂದಿನಿಂದ ಹೊರಡಬೇಕು, ಸುಮಾರಾಗಿ ಓಡಿಸೋರು ಮುಂದಿನಿಂದ. ರೇಸಿನ ದಿನ ಮಧ್ಯಾಹ್ನವೇ ಗಾಡಿ ಕಟ್ಕೊಂಡು ಹೋಗ್ತೀವಿ. ಕ್ಲಚ್ ಬಿಚ್ಚಿ ನೋಡೋದು, ಚೈನ್ ನೋಡೋದು, ಹಿಂದಿನ ಟೈರಿನ ಒಂದು ಅಂಚು ಸವೆದಿದ್ರೆ ತಿರುಗಿಸಿ ಹಾಕೋದು. ನಾಲ್ಕು ಗಂಟೆ ಕೆಲಸ, ನಾಲ್ಕು ನಿಮಿಷದ ರೇಸು. ಪಕ್ಕದ ಪಿಟ್‌ನಲ್ಲಿರೋ ಹುಡುಗನಿಗೆ 17 ವರ್ಷ. ನನ್ನ ಹತ್ರ ಸ್ಪ್ಯಾನರ್ ಇಸ್ಕೊಂಡು ಹೋಗ್ತಾನೆ, ಆಮೇಲೆ ಟ್ರ್ಯಾಕಲ್ಲಿ ನನ್ನ ಮುಖಕ್ಕೇ ಮಣ್ಣು ಎರಚಿ ಮುಂದೆ ಹೋಗ್ತಾನೆ. ವಾಪಸ್ ಬಂದು ಸ್ಪ್ಯಾನರ್ ಕೊಡ್ತಾನೆ.

ವಯಸ್ಸಾದ ಮೇಲೆ ಏನ್ ಹೋಗುತ್ತೆ ಅಂತ ನೀವು ಕೇಳಬಹುದು. ಮೊದಲು ಹೋಗೋದು ಸ್ಟಾರ್ಟ್. ಟೇಪ್ ಹಾರಿದ್ದು ಕಣ್ಣಿಗೆ ಕಾಣುತ್ತೆ, ಎಡಗೈ ಕ್ಲಚ್ ಬಿಡೋದು ಒಂದು ಚೂರು ತಡ. ಚೂರು ಅಂದ್ರೆ ಚೂರೇ. ಆದ್ರೆ ಸ್ಪೀಡ್‌ವೇಯಲ್ಲಿ ಮೊದಲ ತಿರುವಿಗೆ ಯಾರು ಮೊದಲು ಹೋದ್ರು ಅನ್ನೋದೇ ಮುಕ್ಕಾಲು ರೇಸು. ಆಮೇಲೆ ಮುಂಗೈ. ಮೂರನೇ ರೇಸ್ ಹೊತ್ತಿಗೆ ಕಾಫಿ ಲೋಟ ಹಿಡಿದ್ರೆ ಕೈ ನಡುಗುತ್ತೆ. ಆಮೇಲೆ ವಾಸಿಯಾಗೋ ವೇಗ. ಆ 17ರ ಹುಡುಗ ಬಿದ್ರೆ ಮಾರನೇ ದಿನ ಕಾಲೇಜಿಗೆ ಹೋಗ್ತಾನೆ. ನಾನು ಬಿದ್ರೆ ಬುಧವಾರದವರೆಗೂ ಮೆಟ್ಟಿಲನ್ನ ಒಂದೊಂದಾಗಿ ಇಳೀತೀನಿ.

ಹಾಗಂತ ವಯಸ್ಸೇ ಎಲ್ಲ ಅಲ್ಲ. ಗ್ರೆಗ್ ಹ್ಯಾನ್‌ಕಾಕ್ ಅಂತ, ನಮ್ಮ ದಕ್ಷಿಣ ಕ್ಯಾಲಿಫೋರ್ನಿಯಾದವರೇ. 1997ರಲ್ಲಿ 27ನೇ ವಯಸ್ಸಿಗೆ ಮೊದಲ ಸಲ ವಿಶ್ವ ಚಾಂಪಿಯನ್ ಆದರು. ಆಮೇಲೆ 14 ವರ್ಷ ಕಾದು 2011ರಲ್ಲಿ, ಮತ್ತೆ 2014ರಲ್ಲಿ, ಕೊನೆಗೆ 2016ರಲ್ಲಿ 46ನೇ ವಯಸ್ಸಿಗೆ ನಾಲ್ಕನೇ ಸಲ. ಅವರ ಹೆಸರು ಹೇಳಿ ನನ್ನನ್ನ ನಾನು ಸಮಾಧಾನ ಮಾಡ್ಕೊಳ್ಳಲ್ಲ. ಅವರಿಗೆ ಅದು ದಿನದ ಕೆಲಸ, ನನಗೆ ಹಬ್ಬ. ಆದ್ರೆ ಅವರಿಂದ ಒಂದು ಮಾತಂತೂ ಗೊತ್ತಾಗುತ್ತೆ: ಕೈ ನಿಧಾನ ಆದ್ರೂ, ಯಾವ ಸಾಲಲ್ಲಿ ಮಣ್ಣು ಹಿಡೀತಿದೆ, ಎಲ್ಲಿ ಒಣಗಿದೆ ಅಂತ ಓದೋ ಕಣ್ಣು ವರ್ಷ ಕಳೆದಂತೆ ಪಳಗುತ್ತೆ.

ಈಗ ಆ ಬಿದ್ದ ಕಥೆ. ಮೂರು ವರ್ಷದ ಹಿಂದೆ, ಒಂದು ಟ್ರ್ಯಾಕಿನಲ್ಲಿ, ಎರಡನೇ ತಿರುವು. ನನ್ನ ಮುಂದಿದ್ದವನು ಜಾರಿ ಬಿದ್ದ. ಪಕ್ಕದಲ್ಲಿ ಜಾಗ ಇರಲಿಲ್ಲ. ಅವನ ಮೇಲೆ ಹತ್ತಿಸೋ ಬದಲು ಬೈಕನ್ನ ಮಲಗಿಸಿದೆ. ಅವನಿಗೇನೂ ಆಗ್ಲಿಲ್ಲ. ನನಗೆ ಕಾಲರ್ ಬೋನ್ ಮುರೀತು, ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಆರು ವಾರ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದೆ. ನಮ್ಮ ಮನೆಯವರು ಒಂದು ದಿನವೂ "ಬಿಡಿ ಇದನ್ನ" ಅನ್ನಲಿಲ್ಲ. ಪ್ಲೇಟಲ್ಲಿ ಉಪ್ಪಿಟ್ಟು ಹಾಕ್ಕೊಟ್ಟು ಒಂದೇ ಪ್ರಶ್ನೆ ಕೇಳಿದ್ರು: "ರೀ, ಮತ್ತೆ ಹತ್ತಿದಾಗ ನಿಮಗೆ ಹೆದರಿಕೆ ಆಗಲ್ವಾ?"

ಆಗಲ್ಲ ಅಂತ ಬಾಯಲ್ಲಿ ಹೇಳೋದು ಸುಲಭ. ಆದ್ರೆ ಬಾಯಿ ಹೇಳೋದಲ್ಲ ಮುಖ್ಯ, ಬಲಗೈ ಏನ್ ಹೇಳುತ್ತೆ ಅನ್ನೋದು. ನಿಧಾನ ಆಗೋದ್ರಲ್ಲಿ ಅಪಾಯ ಇಲ್ಲ. ನಿಧಾನವಾಗಿ, ಆದ್ರೆ ಪೂರ್ತಿ ಮನಸ್ಸಿಂದ ತಿರುವು ಹೊಕ್ಕು, ಪೂರ್ತಿ ಮನಸ್ಸಿಂದ ಹೊರಗೆ ಬರಬಹುದು. ಅಪಾಯ ಇರೋದು ಅರ್ಧ ಮನಸ್ಸಲ್ಲಿ. ಅರ್ಧ ತಿರುವಲ್ಲಿ ಕೈ ಸಡಿಲ ಆದ್ರೆ ಬೈಕು ನೆಟ್ಟಗಾಗುತ್ತೆ. ಗೋಡೆಗೆ ಹೋಗೋದು ನಾನೊಬ್ಬನೇ ಅಲ್ಲ, ನನ್ನ ಹೊರಗಡೆ ಬರ್ತಿರೋ ಆ 17ರ ಹುಡುಗನೂ ನನ್ನ ಜೊತೆ ಗೋಡೆಗೆ ಹೋಗ್ತಾನೆ. ಅವನ ತಾಯಿ ಅಲ್ಲೇ ಸ್ಟ್ಯಾಂಡಿನಲ್ಲಿ ಕೂತಿರ್ತಾರೆ. ನನ್ನ ಹೆದರಿಕೆ ನನ್ನೊಬ್ಬನ ಸ್ವಂತ ವಿಷಯ ಅಲ್ಲ.

ಅದಕ್ಕೇ ಒಂದು ಲೆಕ್ಕ ಇಟ್ಟಿದ್ದೀನಿ. ನನ್ನ ಮಗಳು ಎರಡನೇ ತಿರುವಿನ ಹತ್ರ ನಿಂತು ಫೋನಲ್ಲಿ ರೆಕಾರ್ಡ್ ಮಾಡ್ತಾಳೆ. ವಿಡಿಯೋಗಿಂತ ಅದರ ಸದ್ದು ಮುಖ್ಯ. ಒಂದೇ ಸಿಲಿಂಡರಿನ ಎಂಜಿನ್, ಆಕ್ಸಿಲರೇಟರ್ ಬಿಟ್ಟ ಕ್ಷಣ ಸದ್ದು ಕತ್ತರಿಸಿದ ಹಾಗೆ ಬೀಳುತ್ತೆ. ಮನೆಗೆ ಬಂದು ಇಬ್ರೂ ಕೇಳ್ತೀವಿ. ನೆಟ್ಟಗಿನ ದಾರಿಯಲ್ಲಿ ಬಿಟ್ರೆ ಅದು ನನ್ನ ತೀರ್ಮಾನ. ಅರ್ಧ ತಿರುವಲ್ಲಿ, ಮುಂದೆ ಯಾರೂ ಬೀಳದೆ ಇದ್ದಾಗ ಬಿಟ್ರೆ ಅದು ಹೆದರಿಕೆ. ಒಂದು ಸೀಸನ್ನಿನಲ್ಲಿ ಹಾಗೆ ಮೂರು ಸಲ ಆದ್ರೆ ಬೈಕ್ ಮಾರೋದು. ಇದು ನಾವಿಬ್ರೂ ಮಾಡ್ಕೊಂಡಿರೋ ಒಪ್ಪಂದ. ಕೇಳಿ ಹೇಳೋದು ಅವಳು, ವಾದ ಮಾಡೋ ಹಕ್ಕು ನನಗಿಲ್ಲ.

ಈಗ ಆ ಸೊನ್ನೆ ವಿಷಯ. ಹೆಚ್ಚಿನ ರೇಸಲ್ಲಿ ನಾನು ನಾಲ್ಕನೆಯವನು. ಸೊನ್ನೆ ಪಾಯಿಂಟ್. ಸ್ನೇಹಿತರು ಕೇಳ್ತಾರೆ, "ಗೆಲ್ಲೋದೇ ಇಲ್ಲ ಅಂದ್ಮೇಲೆ ಯಾಕೋ ಹೋಗ್ತೀಯಾ?" ಟೇಪಿನ ಮುಂದೆ ನಾಲ್ಕು ಜನ ನಿಂತ್ರೇನೇ ಅದು ಸ್ಪೀಡ್‌ವೇ ಕಣ್ರೀ. ಮೂರು ಜನ ಬಂದ್ರೆ ನೋಡೋರಿಗೆ ರುಚಿಯಿಲ್ಲ. ಇಬ್ಬರೇ ಬಂದ್ರೆ ಮುಂದಿನ ವಾರ ಟಿಕೆಟ್ ಮಾರಾಟ ಆಗಲ್ಲ. ಟಿಕೆಟ್ ಹೋಗದೆ ಇದ್ರೆ ಆ ಜಾಗಕ್ಕೆ ಬೇರೆ ಯಾರೋ ಕಣ್ಣು ಹಾಕ್ತಾರೆ. ಪಟ್ಟಣ ಬೆಳೆದ ಕಡೆ ಮೈದಾನದ ನೆಲಕ್ಕೆ ರೇಟ್ ಏರುತ್ತೆ. ಇಂಗ್ಲೆಂಡಿನಲ್ಲಿ 1928ರಿಂದ ಈ ಆಟ ಇದೆ. ಅಲ್ಲೇ ಕಾವೆಂಟ್ರಿ ತಂಡದ ಬ್ರ್ಯಾಂಡನ್ ಟ್ರ್ಯಾಕಿನಲ್ಲಿ 2016ರ ನಂತರ ರೇಸ್ ನಡೆದಿಲ್ಲ. ವುಲ್ವರ್‌ಹ್ಯಾಂಪ್ಟನ್‌ನಲ್ಲಿ 2023ಕ್ಕೆ ಮುಗೀತು. ಎರಡೂ ಹೆಸರಾಂತ ಟ್ರ್ಯಾಕುಗಳು.

ಆ 17ರ ಹುಡುಗ ನಾಳೆ ಪೋಲೆಂಡಿಗೆ ಹೋಗಿ ತುಂಬಿದ ಸ್ಟೇಡಿಯಮ್ಮಿನಲ್ಲಿ ಓಡಿಸಬಹುದು. ಅದಕ್ಕೆ ಮೊದಲು ಅವನು ಇಲ್ಲಿ ಮೂರು ಜನರನ್ನ ಹಿಂದೆ ಹಾಕೋದು ಕಲೀಬೇಕು. ಆ ಮೂವರಲ್ಲಿ ಒಬ್ಬ ನಾನು. ನಂಬಿ ಪಕ್ಕ ಕೊಡಬಹುದಾದ, ಹಾದಿ ಬದಲಿಸದ, ಅರ್ಧ ತಿರುವಲ್ಲಿ ಕೈ ಬಿಡದ ನಾಲ್ಕನೆಯವನು. ಅದು ಸಣ್ಣ ಕೆಲಸ ಅಂತ ನನಗನ್ನಿಸಲ್ಲ. ಶಾಲೆಯ ಕಬಡ್ಡಿ ತಂಡದಲ್ಲಿ ಏಳನೆಯವನಾಗಿ ಆಡಿದವರಿಗೆ, ಊರ ನಾಟಕದಲ್ಲಿ ಬರೀ ದೂತನ ಪಾತ್ರ ಮಾಡಿದವರಿಗೆ ನಾನೇನ್ ಹೇಳ್ತಿದ್ದೀನಿ ಗೊತ್ತಾಗುತ್ತೆ.

ಒಂದು ಮಾತು, ಬೈಕ್ ಇರೋ ಹುಡುಗ ಹುಡುಗಿಯರಿಗೆ. ಇದನ್ನ ರಿಂಗ್ ರೋಡಲ್ಲಿ ಟ್ರೈ ಮಾಡಬೇಡಿ. ಟ್ರ್ಯಾಕಲ್ಲಿ ಎಲ್ಲರೂ ಒಂದೇ ಕಡೆ ಹೋಗ್ತಾರೆ, ಎದುರುಗಡೆಯಿಂದ ಯಾರೂ ಬರಲ್ಲ, ನಾಯಿ ಅಡ್ಡ ಬರಲ್ಲ, ಆಂಬುಲೆನ್ಸ್ ಮೊದಲೇ ಬಂದು ನಿಂತಿರುತ್ತೆ. ಬಿದ್ದವನು ಬೈಕಿಂದ ದೂರ ಹೋದ ಕ್ಷಣ ಎಂಜಿನ್ ಆಫ್ ಆಗಲಿ ಅಂತ ಮಣಿಕಟ್ಟಿಗೆ ದಾರ ಕಟ್ಟಿರ್ತೀವಿ. ಇಷ್ಟೆಲ್ಲ ಇದ್ದೂ ಮೂಳೆ ಮುರಿಯುತ್ತೆ. ರೋಡಲ್ಲಿ ಇದ್ಯಾವುದೂ ಇಲ್ಲ.

ಲೆಕ್ಕ ಎಲ್ಲಿಗೆ ಬಂತು ಅಂತ ಹೇಳಿ ಮುಗಿಸ್ತೀನಿ. ಬಿದ್ದ ಮೇಲಿನ ಮೊದಲ ಸೀಸನ್ನಿನಲ್ಲಿ ಒಂದು ಸಲವೂ ಸದ್ದು ಕತ್ತರಿಸಲಿಲ್ಲ. ಕಳೆದ ಸೀಸನ್ನಿನಲ್ಲಿ ಎರಡು ಸಲ. ಎರಡನೆಯದನ್ನ ಕೇಳಿದಾಗ ಮಗಳು ಏನೂ ಹೇಳಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು, "ನೀವೇ ಕೇಳಿ ಅಪ್ಪ" ಅಂದಳು. ಕೇಳಿದೆ. ಅವಳು ಸರಿ.

ಈ ಸೀಸನ್ ಶುರುವಾಗೋಕೆ ಇನ್ನು ಐದು ವಾರ ಇದೆ. ಎಂಜಿನ್ ಬಿಚ್ಚಿ ಸರ್ವಿಸ್ ಮಾಡಿಸಿದ್ದೀನಿ. ಪಕ್ಕದ ಪಿಟ್‌ನ ಹುಡುಗನಿಗೆ, ಬೈಕ್ ಮಾರೋ ದಿನ ಬಂದ್ರೆ ಮೊದಲು ನಿನ್ನನ್ನೇ ಕೇಳ್ತೀನಿ ಅಂತ ಹೇಳಿಟ್ಟಿದ್ದೀನಿ. ಟ್ರ್ಯಾಕ್ ನಡೆಸೋರಿಗೆ, ಸುತ್ತಿನ ಮಧ್ಯೆ ಮಣ್ಣು ಸರಿ ಮಾಡೋಕೆ ಒಬ್ಬ ಆಳು ಬೇಕಾದ್ರೆ ನಾನಿದ್ದೀನಿ ಅಂತಲೂ ಹೇಳಿದ್ದೀನಿ. ಅವರು ನಗ್ತಾ, "ಮೊದಲು ಓಡಿಸಿ, ನಾಲ್ಕನೆಯವನು ಸಿಗೋದು ಮಣ್ಣು ಎಳೆಯೋನು ಸಿಗೋದಕ್ಕಿಂತ ಕಷ್ಟ" ಅಂದ್ರು.

ಹೆಲ್ಮೆಟ್ ಹಾಕ್ಕೊಳ್ಳಿ, ಪಟ್ಟಿಯನ್ನೂ ಬಿಗಿ ಮಾಡ್ಕೊಳ್ಳಿ.